ಬಿಗಿದವನು ಬಣ್ಣ ಹಚ್ಚಬಾರದು

ಜಿದ್ದಾದ ಕೈಗಾರಿಕಾ ಬಡಾವಣೆ ಸನಾಯ್ಯದಲ್ಲಿ, ಗ್ಯಾರೇಜಿಗೆ ಗ್ಯಾರೇಜು ಅಂಟಿಕೊಂಡಿರುವ ಆ ಧೂಳಿನ ಬೀದಿಗಳಲ್ಲಿ, ಸಾಂತಪ್ಪನಿಗೆ ಎರಡು ಹೆಸರುಗಳಿದ್ದವು. ಎದುರಿಗೆ ಉಸ್ತಾದ್, ಬೆನ್ನ ಹಿಂದೆ ಬಣ್ಣದ ಮುದುಕ. ಎರಡನೆಯ ಹೆಸರು ಬರಲು ಕಾರಣ ಅವನ ಒಂದು ಹಟ. ಗಾಲಿಯ ನಟ್ ಒಬ್ಬ ಬಿಗಿದರೆ ಇನ್ನೊಬ್ಬ ಬಂದು, ತನ್ನ ಸ್ಪ್ಯಾನರ್ ಇಟ್ಟು, ಮೈಭಾರ ಹಾಕಿ ಒತ್ತಿ ನೋಡಬೇಕು. ಅಲುಗದಿದ್ದರೆ ಮಾತ್ರ ನಟ್ಟಿನ ಮೇಲೆ ಒಂದು ಗೆರೆ ಕೆಂಪು ಬಣ್ಣ. ಬಿಗಿದವನು ಬಣ್ಣ ಹಚ್ಚಬಾರದು. ಹಚ್ಚುವವನು ಬರೀ ಕಣ್ಣಲ್ಲಿ ನೋಡಿ ಹಚ್ಚಬಾರದು. ಸಾಂತಪ್ಪ ಪೈಜಾಮದ ಲಾಡಿ ಕಟ್ಟಿಕೊಂಡರೂ ಇನ್ನೊಬ್ಬರನ್ನು ಕರೆದು ಎಳೆದು ನೋಡಲು ಹೇಳುತ್ತಾನೆ ಎಂದು ಪಕ್ಕದ ಅಂಗಡಿಯ ಪಠಾಣ ಚಹಾ ಕುಡಿಯಲು ಬಂದವರನ್ನೆಲ್ಲ ನಗಿಸುತ್ತಿದ್ದ. ಸಾಂತಪ್ಪನೂ ನಗುತ್ತಿದ್ದ. ಅಷ್ಟು ದೊಡ್ಡ ಹಟದ ಹಿಂದೆ ಎಂಥ ಕಳ್ಳತನ ಕೂತಿದೆ ಎಂದು ಗೊತ್ತಿದ್ದವನು ಅವನೊಬ್ಬನೇ.

ಆ ಕಳ್ಳತನಕ್ಕೆ ನಲವತ್ತು ವರ್ಷ ತುಂಬಿದ ಫೆಬ್ರವರಿಯಲ್ಲಿ, ಅದು ಗ್ಯಾರೇಜಿನ ನಟ್ಟನಡುವೆ ಬಂದು ನಿಂತಿತ್ತು. ಗ್ಯಾರೇಜಿನ ಧಣಿ, ಕಫೀಲ್ ಅಬೂ ತುರ್ಕಿಗೆ ಹಳೆಯ ರೇಸು ಕಾರುಗಳ ಹುಚ್ಚು. ಎಲ್ಲೆಲ್ಲಿಂದಲೋ ತರಿಸುತ್ತಾನೆ, ರಿಪೇರಿ ಮಾಡಿಸುತ್ತಾನೆ, ರಾಬಿಗ್ ರಸ್ತೆಯಲ್ಲಿರುವ ತನ್ನ ತೋಟದ ಟ್ರ್ಯಾಕಿನಲ್ಲಿ ಸ್ನೇಹಿತರ ಮುಂದೆ ಓಡಿಸುತ್ತಾನೆ. ಮೂರು ತಿಂಗಳ ಹಿಂದೆ ಚೆನ್ನೈಯಿಂದ ಬಂದ ಮರದ ಪೆಟ್ಟಿಗೆ ಒಡೆದಾಗ ಒಳಗಿದ್ದದ್ದು ಒಂಟಿ ಸೀಟಿನ, ನಾಲ್ಕೂ ಗಾಲಿ ಬಯಲಿಗೆ ಬಿದ್ದ, ಫಿಯೆಟ್ ಎಂಜಿನ್ ಕೂರಿಸಿದ ಒಂದು ಕಾರು. ಹೊಟ್ಟೆಗೆ ನೀಲಿ, ಮೂತಿಗೆ ಹಳದಿ. ಸಾಂತಪ್ಪ ಅದರ ಛಾಸಿ ನಂಬರ್ ಹುಡುಕುವ ಗೋಜಿಗೆ ಹೋಗಲಿಲ್ಲ. ಆ ಹಳದಿಯನ್ನು ಬಳಿದವನೇ ಅವನು, ಇಪ್ಪತ್ತನೆಯ ವಯಸ್ಸಿನಲ್ಲಿ, ಮದರಾಸಿನ ಒಂದು ಶೆಡ್ಡಿನಲ್ಲಿ.

ಗೊತ್ತಿದ್ದೂ ಯಾರಿಗೂ ಹೇಳದೆ ಮೂರು ತಿಂಗಳು ಕೆಲಸ ಮಾಡಿದ. ಎಂಜಿನ್ ಬಿಚ್ಚಿದ, ಕಟ್ಟಿದ. ಮುಂದಿನೆರಡು ಗಾಲಿ, ಹಿಂದಿನ ಬಲಗಾಲಿ ಸರಿಯಾದವು. ಹಿಂದಿನ ಎಡಗಾಲಿಯ ಹತ್ತಿರ ಹೋದಾಗ ಮಾತ್ರ ಏನೋ ಒಂದು ನೆಪ ಹುಟ್ಟುತ್ತಿತ್ತು. ಒಮ್ಮೆ ಬೇರಿಂಗ್ ಬರಲಿಲ್ಲ ಎಂದ, ಒಮ್ಮೆ ಸೊಂಟ ನೋವೆಂದ.

ಭಾನುವಾರ ಬೆಳಿಗ್ಗೆ ರಮೀಝ್ ಸುದ್ದಿ ತಂದ. ರಮೀಝ್ ಬಂಟ್ವಾಳದ ಹುಡುಗ, ಗ್ಯಾರೇಜಿನ ಸೂಪರ್‌ವೈಸರ್, ಕೈಯಲ್ಲಿ ಸ್ಪ್ಯಾನರ್‌ಗಿಂತ ಫೋನೇ ಹೆಚ್ಚು ಹೊತ್ತು ಇರುವವನು. ಕಾರಿನ ವೀಡಿಯೋ ಮಾಡಿ ಊರವರ ವಾಟ್ಸಾಪ್ ಗುಂಪಿಗೆ ಹಾಕಿದ್ದನಂತೆ. ಯಾನ್ಬುವಿನಿಂದ ಒಬ್ಬ ಹಿರಿಯರು ಫೋನ್ ಮಾಡಿ, ಆ ಕಾರಿನಲ್ಲಿ ತಾನು ಕೆಲಸ ಮಾಡಿದ್ದೆ, ವೀಡಿಯೋದಲ್ಲಿ ಕಂಡ ಸಾಂತಪ್ಪನೂ ತನ್ನ ಜೊತೆಗಿದ್ದವನೇ ಎಂದರಂತೆ. ಹೆಸರು ಅಬ್ದುಲ್ಲ ಕುಂಞಿ. ಕೆಲಸ ಮುಗಿಸಿ, ಎಕ್ಸಿಟ್ ವೀಸಾ ಹೊಡೆಸಿ, ಊರಿಗೆ ಹೊರಟಿದ್ದಾರೆ. ಹೋಗುವ ಮುಂಚೆ ಉಮ್ರಾ ಯಾತ್ರೆ. ಗುರುವಾರ ಮಕ್ಕಾಕ್ಕೆ ಹೋಗುವ ದಾರಿಯಲ್ಲಿ ಗ್ಯಾರೇಜಿಗೆ ಬರುತ್ತಾರೆ. ಶುಕ್ರವಾರ ಕಾರು ಓಡಬೇಕು, ಕೊನೆಯ ಗಾಲಿಗೆ ಉಸ್ತಾದರ ರೂಲಿನ ಪ್ರಕಾರ ಎರಡನೆಯ ಕೈ ಬೇಕಲ್ಲ, ಅದಕ್ಕೆ ಇವರಿಗಿಂತ ಒಳ್ಳೆಯವರು ಯಾರು ಸಿಗುತ್ತಾರೆ ಎಂದು ರಮೀಝ್ ತಾನೇ ದೊಡ್ಡ ಉಪಕಾರ ಮಾಡಿದವನ ಹಾಗೆ ನಿಂತ.

ಸಾಂತಪ್ಪ ತಲೆಯಾಡಿಸಿದ. ಹೋಗಿ ಕೈ ತೊಳೆದುಕೊಂಡ. ಕೈ ಕೊಳೆಯಾಗಿರಲಿಲ್ಲ. ಮತ್ತೊಮ್ಮೆ ತೊಳೆದುಕೊಂಡ.

ಆ ದಿನದಿಂದ ಅವನು ಕಾಲು ಸುಟ್ಟ ಬೆಕ್ಕಾದ. ಮಧ್ಯಾಹ್ನದ ಊಟಕ್ಕೆ ಕೂತರೆ ಅರ್ಧದಲ್ಲೇ ಏಳುತ್ತಿದ್ದ. ಕೋಣೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಹಿಂದೆ ಬಂದು ಬೀಗ ಜಗ್ಗಿ ನೋಡುತ್ತಿದ್ದ. ನೀಟಾಗಿ ಜೋಡಿಸಿದ್ದ ಸ್ಪ್ಯಾನರ್‌ಗಳನ್ನೆಲ್ಲ ಇಳಿಸಿ ಮತ್ತೆ ಅದೇ ಜಾಗದಲ್ಲಿ ಜೋಡಿಸಿದ. ಸೋಮವಾರ ಸಂಜೆ ಜೇಬಿನಲ್ಲಿ ಒಂದು ಮುಲಾಮಿನ ಡಬ್ಬಿ ಇಟ್ಟುಕೊಂಡು ಕಡಲ ತೀರಕ್ಕೆ ಹೋದ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕ ಡಬ್ಬಿ. ಎಸೆದರೆ ಮುಗಿಯಿತು, ಕಡಲು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಊರಲ್ಲಿ, ಪಣಂಬೂರಿನ ಕಡಲಿನಲ್ಲಿ ಎಸೆಯಲು ಹೋಗಿ ಎಸೆಯದೆ ಬಂದದ್ದು ಎರಡು ಸಲ, ಇಲ್ಲಿ ಎಷ್ಟು ಸಲವೋ. ಈ ಸಲವೂ ಮಕ್ಕಳು ಗಾಳಿಪಟ ಹಾರಿಸುವುದನ್ನು ನೋಡುತ್ತ ನಿಂತು, ಡಬ್ಬಿ ಜೇಬಿನಲ್ಲೇ ಇಟ್ಟುಕೊಂಡು ವಾಪಸು ಬಂದ.

ಡಬ್ಬಿಯಲ್ಲಿದ್ದದ್ದು ಮುಲಾಮಲ್ಲ. ಅರ್ಧ ಬೆರಳುದ್ದದ ಒಂದು ಕಬ್ಬಿಣದ ತುಂಡು.

ಅದರ ಕತೆ ಹೀಗಿದೆ. ಮದರಾಸಿನ ಹೊರಗೆ, ಯುದ್ಧಕಾಲದ ಹಳೆಯ ವಿಮಾನಪಟ್ಟಿಯೊಂದರ ಮೇಲೆ ಆಗ ವರ್ಷಕ್ಕೆರಡು ಸಲ ರೇಸು ನಡೆಯುತ್ತಿತ್ತು. ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ನಡೆದದ್ದು ಆಹ್ವಾನದ ಓಟ. ಚಾಂಪಿಯನ್‌ಶಿಪ್ಪಿಗೆ ಅದರ ಅಂಕ ಸೇರುವುದಿಲ್ಲ. ಗೆದ್ದರೆ ಒಂದು ಕಪ್ಪು, ಪೇಪರಿನಲ್ಲಿ ಒಂದು ಫೋಟೋ. ಆಟಕ್ಕುಂಟು ಲೆಕ್ಕಕ್ಕಿಲ್ಲ. ಆದರೂ ಜನ ಕಿಕ್ಕಿರಿದಿದ್ದರು, ಏಕೆಂದರೆ ವಿದೇಶದಿಂದ ಮೂವರು ಚಾಲಕರು ತಮ್ಮ ಕಾರು ತಂದಿದ್ದರು. ನೀಲಿ ಕಾರನ್ನು ಓಡಿಸಬೇಕಾಗಿದ್ದವನು ಮೈಸೂರಿನ ಜಯಪ್ರಕಾಶ, ಇಪ್ಪತ್ತಾರು ವರ್ಷದವನು. ಅದರ ಮೆಕ್ಯಾನಿಕ್‌ಗಳು ಇಬ್ಬರು. ಉಳ್ಳಾಲದ ಅಬ್ದುಲ್ಲ ಕುಂಞಿ, ಅವನಿಗಿಂತ ನಾಲ್ಕು ವರ್ಷ ಕಿರಿಯವನಾದ ಮೂಲ್ಕಿಯ ಸಾಂತಪ್ಪ. ಗಾಲಿಯ ನಡುವೆ ಒಂದೇ ದೊಡ್ಡ ನಟ್. ಕುಂಞಿ ಅದನ್ನು ಬಿಗಿಯಬೇಕು. ಸಾಂತಪ್ಪ ತನ್ನ ಸ್ಪ್ಯಾನರ್ ಇಟ್ಟು ಒತ್ತಿ ನೋಡಬೇಕು. ಆಮೇಲೆ ಕುಂಞಿ ನಟ್ಟಿನ ಕಚ್ಚಿನಿಂದ ಆಕ್ಸಲಿನ ತೂತಿಗೆ ಸ್ಪ್ಲಿಟ್ ಪಿನ್ ತೂರಿಸಿ ಬಗ್ಗಿಸಬೇಕು. ಕೊನೆಗೆ ಸಾಂತಪ್ಪನ ಬಣ್ಣ. ಶೆಡ್ಡಿನ ಮೇಸ್ತ್ರಿ ಹಾಕಿಕೊಟ್ಟಿದ್ದ ಪದ್ಧತಿ ಅದು.

ಆ ದಿನ ಹಿಂದಿನ ಎಡಗಾಲಿಯ ನಟ್ ಬಿಗಿಯುತ್ತಿದ್ದಾಗ ಕಾರ್ಬುರೇಟರ್ ನೋಡಲು ಕುಂಞಿಯನ್ನು ಯಾರೋ ಕರೆದರು. ಓಡಿಹೋಗಿ ಓಡಿಬಂದ ಕುಂಞಿ, ನೋಡಿದೆಯಾ ಎಂದು ಕೇಳಿದ. ಸಾಂತಪ್ಪ ನೋಡುತ್ತಿದ್ದದ್ದು ವಿದೇಶದವರ ಕಾರನ್ನು. ಹೂಂ ಎಂದ. ಕುಂಞಿ ಪಿನ್ ಹಾಕಿದ. ಸಾಂತಪ್ಪ ಸ್ಪ್ಯಾನರ್ ಮುಟ್ಟದೆಯೇ ಬಣ್ಣ ಹಚ್ಚಿದ.

ಏಳನೆಯ ಸುತ್ತಿನಲ್ಲಿ ಗಾಲಿ ಕಳಚಿತು. ಜಯಪ್ರಕಾಶನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕುಂಞಿ ಸ್ಟ್ರೆಚರಿನ ಒಂದು ತುದಿ ಹಿಡಿದು ಓಡಿದ್ದ. ಕಾರಿನ ಹತ್ತಿರ ಮೊದಲು ತಲುಪಿದವನು ಸಾಂತಪ್ಪ. ಆಕ್ಸಲಿನ ತೂತಿನಲ್ಲಿ ತುಂಡಾದ ಪಿನ್ ಇನ್ನೂ ಸಿಕ್ಕಿಕೊಂಡಿತ್ತು. ಪಿನ್ ಇದೆ ಎಂದರೆ ಕುಂಞಿಯ ಕೆಲಸ ಆಗಿದೆ; ನಟ್ಟೇ ಸಡಿಲವಿದ್ದು, ಅಲುಗಿ ಅಲುಗಿ ಪಿನ್ ತುಂಡರಿಸಿತ್ತು; ಸಡಿಲವಿದ್ದದ್ದನ್ನು ಹಿಡಿಯಬೇಕಾಗಿದ್ದವನು ಹಿಡಿಯಲಿಲ್ಲ. ಇಷ್ಟೂ ಒಂದು ಉಸಿರಿನಲ್ಲಿ ಹೊಳೆಯಿತು. ಇಕ್ಕಳದಿಂದ ತುಂಡನ್ನು ಎಳೆದು ಜೇಬಿಗೆ ಹಾಕಿಕೊಂಡ. ಶೆಡ್ಡಿನ ಮಾಲೀಕ ಬಂದು ಪಿನ್ ಎಲ್ಲಿ ಎಂದು ಕೇಳಿದಾಗ, ನಟ್ ತಾನು ಒತ್ತಿ ನೋಡಿದ್ದೆ, ಪಿನ್ ಕುಂಞಿಯ ಕೆಲಸ ಎಂದ. ವಾರ ಕಳೆಯುವುದರೊಳಗೆ ಕುಂಞಿಯನ್ನು ಶೆಡ್ಡಿನಿಂದ ಹೊರಗೆ ಹಾಕಿದರು. ಅವನು ಕೊಲ್ಲಿಗೆ ಹೋದ. ಏಳೆಂಟು ವರ್ಷದ ಮೇಲೆ ಸಾಂತಪ್ಪನೂ ಬಂದ. ಯಾನ್ಬುವಿಗೂ ಜಿದ್ದಾಕ್ಕೂ ಮುನ್ನೂರು ಚಿಲ್ಲರೆ ಕಿಲೋಮೀಟರು. ಅಷ್ಟು ದಾರಿಯನ್ನು ಮೂವತ್ತು ವರ್ಷದಲ್ಲಿ ದಾಟಲಾಗಲಿಲ್ಲ.

ಬುಧವಾರ ದಾಟುತ್ತೇನೆಂದು ಹೊರಟ. ಕುಂಞಿ ಇಲ್ಲಿಗೆ ಬಂದು ಎಲ್ಲರ ಎದುರು ಉಗಿಯುವುದಕ್ಕಿಂತ ತಾನೇ ಹೋಗಿ ಉಗಿಸಿಕೊಳ್ಳುವುದು ವಾಸಿ ಎಂದು ರಮೀಝನ ಪಿಕಪ್ ಕೇಳಿ ತೆಗೆದುಕೊಂಡ. ರಾಬಿಗ್ ತನಕ ಧೈರ್ಯ ಇತ್ತು. ರಿಫೈನರಿಯ ಚಿಮಣಿಗಳು ಕಾಣುವ ಪೆಟ್ರೋಲ್ ಬಂಕಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದ. ಒಂದು ಚಹಾ ಎರಡಾಯಿತು. ಕುಂಞಿ ಏನೆಂದು ಶುರು ಮಾಡಿಯಾನು ಎಂದು ಯೋಚಿಸಿದ. ತನ್ನ ಕೈ ತಾನು ಮಾಡಿದ್ದನ್ನು ಬಲ್ಲವನು ಕುಂಞಿ. ಪಿನ್ ಹಾಕಿದ್ದು ಅವನಿಗೆ ಗೊತ್ತೇ ಇರುತ್ತದೆ. ಕದ್ದವನು ಯಾರೆಂದು ನಲವತ್ತು ವರ್ಷದಿಂದ ಗೊತ್ತಿರುತ್ತದೆ. ಮೂರನೆಯ ಚಹಾ ಅರ್ಧಕ್ಕೆ ಬಿಟ್ಟು ಗಾಡಿ ಜಿದ್ದಾದ ಕಡೆಗೆ ತಿರುಗಿಸಿದ. ಹೇಡಿಗೆ ಹಿಂದಿನ ದಾರಿ ಯಾವಾಗಲೂ ಹತ್ತಿರ.

ಗುರುವಾರ ಇಳಿಹೊತ್ತಿನ ಅಸರ್ ಬಾಂಗು ಆಗಿ ಸ್ವಲ್ಪ ಹೊತ್ತಿಗೆ ಗ್ಯಾರೇಜಿನ ಎದುರು ಒಂದು ವ್ಯಾನ್ ನಿಂತಿತು. ಇಳಿದ ಮನುಷ್ಯ ಬಿಳಿಯ ಎರಡು ತುಂಡು ಬಟ್ಟೆಯಲ್ಲಿದ್ದ. ಸೊಂಟಕ್ಕೆ ಒಂದು, ಮೈಮೇಲೆ ಒಂದು. ರಾಬಿಗ್‌ನಲ್ಲೇ ಯಾತ್ರೆಯ ಉಡುಪಾದ ಇಹ್ರಾಮ್ ಕಟ್ಟಿಕೊಂಡಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು. ವ್ಯಾನಿನಲ್ಲಿದ್ದ ಉಳಿದವರಿಗೆ ಒಂದು ಗಂಟೆ ಸಮಯ ಕೊಡಿ ಎಂದು ಹೇಳಿ, ಎಣ್ಣೆ ಚೆಲ್ಲಿದ ನೆಲದಲ್ಲಿ ಚಪ್ಪಲಿ ನೋಡಿ ನೋಡಿ ಇಡುತ್ತ ಒಳಗೆ ಬಂದ. ಸಾಂತಪ್ಪ ಎಡಗಾಲಿಯ ನಟ್ ಆಗಷ್ಟೇ ಬಿಗಿದು ಎದ್ದು ನಿಂತಿದ್ದ. 

ಕುಂಞಿ ಬಂದವನೇ ಅವನ ಎರಡೂ ಕೈ ಹಿಡಿದುಕೊಂಡ. ಇಬ್ಬರೂ ತುಳುವಿನಲ್ಲೇ ಮಾತಾಡುವವರು. ಇಲ್ಲಿ ಕನ್ನಡದಲ್ಲಿ ಬರೆದಿದೆ, ಅಷ್ಟೆ.

“ಸಾಂತಪ್ಪಾ, ಉಮ್ರಾಕ್ಕೆ ಹೋಗುವ ಮುಂಚೆ ಎಲ್ಲರ ಹತ್ರ ತಪ್ಪು ಒಪ್ಪಿ ಮಾಫಿ ಕೇಳುವ ಕ್ರಮ ಉಂಟು ನಮ್ಮಲ್ಲಿ. ಎಷ್ಟೋ ಜನರ ಹತ್ರ ಕೇಳಿದೆ. ನಿನ್ನ ಹತ್ರ ಬರ್ಲಿಕ್ಕೆ ಮಾತ್ರ ಮುಖ ಇರ್ಲಿಲ್ಲ. ಅವತ್ತು ಪಿನ್ನು ಹಾಕದೆ ಬಿಟ್ಟದ್ದು ನಾನು. ನೀನು ಸರಿಯಾಗಿ ನೋಡಿ ಬಣ್ಣ ಹಚ್ಚಿದ್ದೆ. ನಿನ್ನ ಹೆಸರೂ ಹಾಳಾಗ್ತಿತ್ತು ನನ್ನಿಂದ. ಪೊಲೀಸಿಗೆ ಕೊಡಿ ಹೇಳಿ ನೀನೊಂದು ಮಾತು ಹೇಳಿದ್ದರೆ ನಾನು ಎಲ್ಲಿರ್ತಿದ್ದೆನೋ. ನನ್ನನ್ನು ಮಾಫಿ ಮಾಡು ಮಾರಾಯ.”

ಸಾಂತಪ್ಪನಿಗೆ ಮೊದಲು ಆದದ್ದು ಏನು ಎಂದರೆ ಹೇಳಲು ನಾಚಿಕೆಯಾಗಬೇಕು: ಆದದ್ದು ಸಮಾಧಾನ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರಲ್ಲ, ಅದು. ನಾಲ್ಕು ದಿನ ಅನ್ನ ಇಳಿಯದೆ ಒದ್ದಾಡಿದ್ದು ದಂಡ. ಈ ಮನುಷ್ಯನಿಗೆ ಗೊತ್ತೇ ಇಲ್ಲ. ನೂರು ಸಲ ಮಾಡಿದ ಕೆಲಸವನ್ನು ನೂರಾ ಒಂದನೆಯ ಸಲವೂ ಮಾಡಿದೆನೇ ಎಂದು ಕೇಳಿದರೆ ಯಾರು ತಾನೆ ಆಣೆ ಇಟ್ಟು ಹೇಳುತ್ತಾರೆ? ಕೋಣೆಯ ಬೀಗವನ್ನೇ ಹಾಕಿದೆನೋ ಇಲ್ಲವೋ ಎಂದು ನಾಲ್ಕು ದಿನದಿಂದ ಹಿಂದೆ ಹಿಂದೆ ಹೋಗಿ ನೋಡಿದವನಿಗೆ ಅದು ಗೊತ್ತಾಗದೆ? ಅಂದು ಮಾಲೀಕ ಖಾಲಿ ತೂತು ತೋರಿಸಿದಾಗ ಕುಂಞಿ ತನ್ನ ಕೈಗಿಂತ ಆ ತೂತನ್ನು ನಂಬಿದ್ದ. ಈಗ ಹೋಗಲಿ ಬಿಡಿ ಅಬ್ದುಲ್ಲಾಕ ಎಂದು ಒಂದು ಮಾತು ಹೇಳಿದರೆ ಸಾಕು. ಅವನು ಮಕ್ಕಾಕ್ಕೆ, ಅಲ್ಲಿಂದ ಊರಿಗೆ. ಡಬ್ಬಿ ಕಡಲಿಗೆ.

ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ರಮೀಝ್ ನಡುವೆ ಬಂದ. ಒಂದು ಕೈಯಲ್ಲಿ ವೀಡಿಯೋ ಹಿಡಿಯುವ ಫೋನ್, ಇನ್ನೊಂದರಲ್ಲಿ ದೊಡ್ಡ ಸ್ಪ್ಯಾನರ್. ಹಳೆಯ ಜೋಡಿ ಮತ್ತೆ ಒಂದಾದದ್ದನ್ನು ಕಫೀಲರಿಗೆ ತೋರಿಸಬೇಕಂತೆ. ಉಸ್ತಾದ್ ಬಿಗಿದಾಗಿದೆ, ಪಿನ್ ಹಾಕುವ ಮುಂಚೆ ನೀವು ಒಮ್ಮೆ ಒತ್ತಿ ನೋಡಿ ಎಂದು ಸ್ಪ್ಯಾನರ್ ನೀಡಿದ.

ಕುಂಞಿ ಎರಡೂ ಕೈಯನ್ನು ಬಿಳಿ ಬಟ್ಟೆಯೊಳಗೆ ಎಳೆದುಕೊಂಡ.

ಅದನ್ನು ನನ್ನ ಕೈಗೆ ಕೊಡಬೇಡಿ ಎಂದ. ಹೇಳಿದ್ದು ನಗುತ್ತಲೇ, ಆದರೆ ಹೆಜ್ಜೆ ಹಿಂದೆ ಸರಿದಿತ್ತು. ಮೂವತ್ತೆಂಟು ವರ್ಷ ಯಾನ್ಬುವಿನ ಒಂದು ಪ್ಲಾಂಟಿನ ಸ್ಟೋರಿನಲ್ಲಿ ಕೆಲಸ ಮಾಡಿದೆ, ಕಿಟಕಿಯಿಂದ ದಿನಕ್ಕೆ ನೂರು ಸ್ಪ್ಯಾನರ್ ಕೊಟ್ಟು ಸಂಜೆ ಎಣಿಸಿ ತೆಗೆದುಕೊಂಡೆ, ಒಂದನ್ನೂ ನಟ್ಟಿನ ಮೇಲೆ ಇಟ್ಟವನಲ್ಲ ಎಂದ. ತನ್ನ ಸ್ವಂತ ಕಾರಿನ ಟೈರ್ ಪಂಕ್ಚರ್ ಆದರೂ ರಸ್ತೆಬದಿ ಕೂತು ಇನ್ನೊಬ್ಬರಿಗೆ ಕಾಯುತ್ತಾನಂತೆ. ಈ ಕೈಯನ್ನು ನಂಬಲಿಕ್ಕಾಗುವುದಿಲ್ಲ ಎಂದು ರಮೀಝನಿಗೆ ವಿವರಿಸಿದ, ಯಾರದೋ ಕಾಯಿಲೆಯ ವಿಷಯ ಹೇಳುವವನಂತೆ.

ಆ ಕೈಗಳನ್ನು ಸಾಂತಪ್ಪ ಬಲ್ಲ. ಶೆಡ್ಡಿನಲ್ಲಿ ಕತ್ತಲೆಯಲ್ಲೂ ನಟ್ಟಿನ ಅಳತೆ ಬೆರಳಿನಲ್ಲೇ ಹೇಳುತ್ತಿದ್ದ ಕೈಗಳು. ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಕೈಗಳು. ಕುಂಞಿಯ ಕೆಲಸ ಹೋದದ್ದು, ಊರು ಬಿಟ್ಟದ್ದು ಇವನಿಗೆ ಗೊತ್ತಿತ್ತು. ಅದಕ್ಕೆಲ್ಲ ಮನಸ್ಸಿನಲ್ಲೇ ಏನೇನೋ ಸಮಜಾಯಿಷಿ ಹೇಳಿಕೊಂಡಿದ್ದ. ಇದು ಗೊತ್ತಿರಲಿಲ್ಲ.  ಜೇಬಿನಿಂದ ಡಬ್ಬಿ ತೆಗೆದು, ಮುಚ್ಚಳ ತಿರುಗಿಸಿ, ಕುಂಞಿಯ ಮುಂದೆ ಹಿಡಿದ.

“ನೀವು ಪಿನ್ನು ಹಾಕಿದ್ರಿ ಅಬ್ದುಲ್ಲಾಕ. ತುಂಡಾಗಿ ತೂತಿನಲ್ಲೇ ಇತ್ತು. ತೆಗೆದದ್ದು ನಾನು. ನೋಡಿದೆಯಾ ಹೇಳಿ ನೀವು ಕೇಳಿದ್ದಕ್ಕೆ ಹೂಂ ಹೇಳಿದ್ದು ಸುಳ್ಳು. ನಾನು ಸ್ಪ್ಯಾನರ್ ಇಡ್ಲೇ ಇಲ್ಲ.”

ಕುಂಞಿ ತುಂಡನ್ನು ತೆಗೆದುಕೊಂಡ. ಬೆಳಕಿಗೆ ಹಿಡಿದು ನೋಡಿದ. ನೆಲದಲ್ಲಿ ಕೂತು, ಬಿಳಿ ಬಟ್ಟೆಗೆ ಗ್ರೀಸ್ ತಾಗುವುದನ್ನು ಲೆಕ್ಕಿಸದೆ, ಎಡಗಾಲಿಯ ನಡುವೆ ಬಗ್ಗಿದ. ಆಕ್ಸಲ್ ಹಳೆಯದೇ, ಬದಲಿಸಿರಲಿಲ್ಲ. ತುಂಡು ತೂತಿನೊಳಗೆ ಸಲೀಸಾಗಿ ಹೋಯಿತು. ಹೊರಗೆ ತೆಗೆದು ಮತ್ತೊಮ್ಮೆ ಹಾಕಿದ.

“ಹಾಕಿದ್ದೆ ನಾನು,” ಎಂದ. ತುಂಡನ್ನು ಹೊರಗೆ ಎಳೆದುಕೊಂಡು ಮತ್ತೆ, “ಹಾಕಿದ್ದೆ.”

ರಮೀಝ್ ಫೋನ್ ಕೆಳಗಿಳಿಸಿದ. ನಟ್ ಸಡಿಲ ಬಿಟ್ಟದ್ದು ತಾನೇ ಇರಬಹುದು, ಕಾರ್ಬುರೇಟರಿಗೆ ಓಡಿದ್ದೆನಲ್ಲ ಎಂದು ಕುಂಞಿ ತನ್ನಷ್ಟಕ್ಕೆ ಹೇಳಿಕೊಂಡ. ಇರಬಹುದು, ಆದರೆ ಅದಕ್ಕೇ ತಾನೆ ಎರಡನೆಯ ಕೈ ಇದ್ದದ್ದು ಎಂದು ಸಾಂತಪ್ಪ ಹೇಳಿದ. 

ಕುಂಞಿ ಎದ್ದ. ಮುಖ ಕೆಂಪಗಾಗಿತ್ತು. ಸಾಂತಪ್ಪ ಕಣ್ಣು ಮುಚ್ಚಿಕೊಂಡು ನಿಂತ. ಏಟು ಬಿದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ನಿನ್ನ ನಸೀಬು, ನಾನು ಈ ಬಟ್ಟೆಯಲ್ಲಿದ್ದೇನೆ. ಇದನ್ನು ಕಟ್ಟಿಕೊಂಡು ಜಗಳ ಮಾಡುವ ಹಾಗಿಲ್ಲ, ಬೈಯುವ ಹಾಗಿಲ್ಲ. ಮಾಫಿ ಮಾಡಿದೆ ಹೇಳಿ ಹೇಳ್ಲಿಕ್ಕೆ ಸಹ ಈಗ ಬಾಯಿ ಬರುದಿಲ್ಲ.” ಸೊಂಟದ ಪಟ್ಟಿಯಿಂದ ಫೋನ್ ತೆಗೆದ. “ಜಯಪ್ರಕಾಶ ಸಾರ್‌ಗೆ ನಾನು ಪ್ರತಿ ವರ್ಷ ರಂಜಾನ್ ಉಪವಾಸ ಹಿಡಿಯುವ ಮುಂಚೆ ಫೋನ್ ಮಾಡಿ ಮಾಫಿ ಕೇಳ್ತೇನೆ. ಇಷ್ಟು ವರ್ಷ ನಿನ್ನದನ್ನು ನಾನು ಕೇಳಿದೆ. ಈ ವರ್ಷ ನೀನು ಕೇಳು.”

ನಂಬರ್ ಒತ್ತಿ, ಸ್ಪೀಕರಿಗೆ ಹಾಕಿ, ಸಾಂತಪ್ಪನ ಕೈಗೆ ಕೊಟ್ಟ. ಮೈಸೂರಿನಲ್ಲಿ ಸಂಜೆ ಆರೂವರೆಯಾಗಿತ್ತು. ಹಿಂದೆಲ್ಲೋ ಕುಕ್ಕರ್ ಕೂಗುತ್ತಿತ್ತು.

“ಏನಪ್ಪಾ ಕುಂಞಿ, ನಿಮ್ಮ ಉಪವಾಸಕ್ಕೆ ಇನ್ನೂ ಮೂರು ವಾರ ಇದೆಯಲ್ಲೋ. ಈ ಸಲ ಬೇಗ ಮಾಡ್ಬಿಟ್ಟೆ?”

ಸಾಂತಪ್ಪ ತನ್ನ ಹೆಸರು ಹೇಳಿದ. ಆಮೇಲೆ ಉಳಿದದ್ದನ್ನೂ ಹೇಳಿದ, ಬಿಡದೆ, ಸ್ಪ್ಯಾನರ್ ಇಡದಿದ್ದದ್ದು, ಪಿನ್ ಎಳೆದದ್ದು, ಜೇಬಿಗೆ ಹಾಕಿದ್ದು. ನಲವತ್ತು ವರ್ಷ ಹೊತ್ತದ್ದನ್ನು ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.  ಕುಕ್ಕರ್ ಇನ್ನೊಮ್ಮೆ ಕೂಗಿ ಸುಮ್ಮನಾಯಿತು. ಜಯಪ್ರಕಾಶ ಕೇಳಿದ್ದು ಒಂದೇ, ಕುಂಞಿ ಅಲ್ಲೇ ಇದ್ದಾನಾ ಎಂದು. ಇದ್ದಾರೆ ಎಂದಾಗ, ಫೋನ್ ಅವನಿಗೆ ಕೊಡು ಎಂದ.

ಕುಂಞಿ ತೆಗೆದುಕೊಂಡ.

“ಕುಂಞಿ, ನೀನು ಕೇಳಿದಾಗೆಲ್ಲ ಕ್ಷಮಿಸಿದೀನಿ ಹೋಗಪ್ಪಾ ಅಂತ ದೊಡ್ಡ ಮನುಷ್ಯನ ಥರ ಹೇಳ್ತಿದ್ನಲ್ಲೋ. ಒಂದ್ಸಲನಾದ್ರೂ ನೀನು ತಪ್ಪು ಮಾಡಿರಲ್ಲ ಅಂತ ಹೇಳ್ಲಿಲ್ಲ. ಈಗ ನಾನು ಯಾರ್ ಹತ್ರ ಕೇಳ್ಲಿ?”

ಕುಂಞಿಯ ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರಿಹೋಯಿತು. ಒರೆಸಿಕೊಳ್ಳಲಿಲ್ಲ. ಹೊರಗೆ ವ್ಯಾನಿನವನು ಒಮ್ಮೆ ಹಾರ್ನ್ ಮಾಡಿದ. ಕುಂಞಿ ಅತ್ತ ನೋಡಿದ, ಕಾರಿನ ಕಡೆ ನೋಡಿದ, ರಮೀಝನ ಕಡೆಗೆ ಕೈ ಚಾಚಿದ. ರಮೀಝ್ ಸ್ಪ್ಯಾನರ್ ಕೊಟ್ಟ.

“ಒಂದು ನಿಮಿಷ ಲೈನಿನಲ್ಲೇ ಇರಿ ಸಾರ್,” ಎಂದ ಕುಂಞಿ. “ಎಡಗಾಲಿ ಇನ್ನೂ ನೋಡಿಲ್ಲ.”

ಫೋನನ್ನು ಡ್ರೈವರ್ ಸೀಟಿನ ಮೇಲಿಟ್ಟ. ಬಿಳಿ ಬಟ್ಟೆಯ ಅಂಚನ್ನು ಕಂಕುಳಲ್ಲಿ ಸ್ಪ್ಯಾನರ್‌ಗೆ ತಾಗದಂತೆ ಸಿಕ್ಕಿಸಿಕೊಂಡ. ಸಾಂತಪ್ಪ ಬಿಗಿದ ನಟ್ಟಿನ ಮೇಲೆ ಸ್ಪ್ಯಾನರ್ ಕೂರಿಸಿ, ಎರಡೂ ಕೈ ಹಾಕಿ, ಮೈಭಾರ ಬಿಟ್ಟು ಒತ್ತಿದ. ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದ. ಹೊಸ ಪಿನ್ ಕೇಳಿ ತೆಗೆದುಕೊಂಡು ತೂರಿಸಿ ಬಗ್ಗಿಸಿದ, ಬಗ್ಗಿಸಿದ್ದನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆಮೇಲೆ ತಲೆ ಎತ್ತದೆ ಕೈ ಮಾತ್ರ ಹಿಂದಕ್ಕೆ ಚಾಚಿದ.

ಸಾಂತಪ್ಪ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಬ್ರಶ್ ಆ ಕೈಗಿಟ್ಟು, ಅವನು ಗೆರೆ ಎಳೆದು ಮುಗಿಸುವ ತನಕ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತ.